ಅಂಗಳದ ಲಿಲ್ಲಿಗೆ ತಗಲುವ ಕುತ್ತಗಳು

ಮನುಷ್ಯನಿಗೆ ಕಾಯಿಲೆಯಾದರೆ ವೈದ್ಯನು ನಾಡಿ ಹಿಡಿದು, ನಾಲಗೆ ನೋಡಿ, ನಾಲ್ಕು ಪ್ರಶ್ನೆಗಳನ್ನು ಕೇಳಿದ ಮೇಲೆಯೇ ಮದ್ದಿನ ಮಾತೆತ್ತುತ್ತಾನೆ. ಗಿಡಕ್ಕೆ ಕಾಯಿಲೆಯಾದಾಗ ನಾವು ಅನುಸರಿಸುವ ಕ್ರಮ ಇದಕ್ಕೆ ತೀರ ವಿರುದ್ಧವಾದುದು. ಎಲೆಯ ಮೇಲೊಂದು ಕಲೆ ಕಂಡೊಡನೆ ಅಂಗಡಿಗೆ ಹೋಗಿ ‘ಹೂವಿನ ಗಿಡಕ್ಕೊಂದು ಮದ್ದು ಕೊಡಿ’ ಎನ್ನುತ್ತೇವೆ. ಕೈಗೆ ಬಂದ ಸೀಸೆಯಲ್ಲಿರುವುದು ಹುಳುವಿನ ಮದ್ದೋ ಬೂಷ್ಟಿನ ಮದ್ದೋ ಎಂದು ವಿಚಾರಿಸುವವರು ಕಡಮೆ. ಹುಳು ತಿಂದ ಗಿಡಕ್ಕೆ ತುತ್ತಿನ ದ್ರಾವಣವನ್ನೂ, ಬೂಷ್ಟು ಹಿಡಿದ ಗಿಡಕ್ಕೆ ಕೀಟನಾಶಕವನ್ನೂ ಎರೆದು, ಎರಡೂ ಫಲಿಸದಿದ್ದಾಗ ‘ಈ ಮಣ್ಣಿಗೆ ಲಿಲ್ಲಿ ಒಗ್ಗದು’ ಎಂದು ಕೈಚೆಲ್ಲುತ್ತೇವೆ. ತಪ್ಪು ಮಣ್ಣಿನದಲ್ಲ, ನಿದಾನದ್ದು. ನಮ್ಮ ಆಯುರ್ವೇದದಲ್ಲಿ ನಿದಾನವೆಂದರೆ ರೋಗದ ಮೂಲವನ್ನು ಹುಡುಕುವುದು. ಆ ಕೆಲಸವನ್ನು ಅಂಗಳದ ಲಿಲ್ಲಿಯ ವಿಷಯದಲ್ಲಿ ಹೇಗೆ ಮಾಡಬೇಕೆಂಬುದನ್ನು ಈ ಲೇಖನದಲ್ಲಿ ನೋಡೋಣ. ಉದಾಹರಣೆಗಾಗಿ ಮಂಗಳೂರಿನ ಬಜಪೆಯನ್ನು ಆರಿಸಿಕೊಂಡಿದ್ದೇವೆ. ಅಲ್ಲಿಯ ಮಳೆ, ಮಣ್ಣು, ಬಾವಿ ಈ ಮೂರೂ ಲಿಲ್ಲಿಯ ಆರೋಗ್ಯದೊಡನೆ ಬಿಗಿಯಾಗಿ ಹೆಣೆದುಕೊಂಡಿರುವುದೇ ಅದಕ್ಕೆ ಕಾರಣ.

ಲಿಲ್ಲಿ ಎಂದರೆ ಯಾವುದು?

ಸಸ್ಯಶಾಸ್ತ್ರಜ್ಞರು ಲಿಲ್ಲಿ ಎಂದು ಕರೆಯುವ ಲಿಲಿಯಮ್ ಕುಲದ ಗಿಡಗಳು ತಂಪು ನಾಡಿನವು. ನೀಲಗಿರಿಯಂಥ ಎತ್ತರದ ಬೆಟ್ಟಗಳಲ್ಲಿ ಅವುಗಳಲ್ಲೊಂದು ಕಾಡುಗಿಡವಾಗಿ ಬೆಳೆಯುತ್ತದೆ. ಕರಾವಳಿಯ ಸೆಕೆಯಲ್ಲಿ ಅವು ಬಾಳಲಾರವು. ಬಜಪೆಯ ಮನೆಗಳ ಅಂಗಳದಲ್ಲಿ, ಶಾಲೆ, ಇಗರ್ಜಿ, ದೇವಸ್ಥಾನಗಳ ಆವರಣದಲ್ಲಿ ಲಿಲ್ಲಿ ಎಂಬ ಹೆಸರಿನಿಂದ ನಿಂತಿರುವುವು ಬೇರೆ ಕುಟುಂಬದವು. ಬೇಸಗೆಯ ಕೊನೆಗೆ ತುತ್ತೂರಿಯಂಥ ದೊಡ್ಡ ಕೆಂಪು ಹೂ ಬಿಡುವ ಹಿಪ್ಪಿಯಾಸ್ಟ್ರಮ್ ದಕ್ಷಿಣ ಅಮೆರಿಕದಿಂದ ಬಂದುದು. ಅದರ ಮೊದಮೊದಲ ಮಿಶ್ರತಳಿಗಳಲ್ಲೊಂದನ್ನು ೧೭೯೯ರಲ್ಲಿ ಇಂಗ್ಲೆಂಡಿನಲ್ಲಿ ಬೆಳೆಸಿದವನು ಜಾನ್ಸನ್ ಎಂಬ ಒಬ್ಬ ಗಡಿಯಾರದ ಕೆಲಸಗಾರ. ಮೊದಲ ಮಳೆಗೆ ನೆಲದಿಂದ ಕೆಂಪು ಚೆಂಡಿನಂತೆ ಎದ್ದು ಬರುವ ಸ್ಕ್ಯಾಡಾಕ್ಸಸ್ ಆಫ್ರಿಕದ್ದು. ತೆಳ್ಳನೆಯ ಬಿಳಿ ಎಸಳುಗಳ ಜೇಡ ಲಿಲ್ಲಿಯೂ, ಮಳೆ ಬಿದ್ದ ಕೆಲವೇ ದಿನಗಳಲ್ಲಿ ಅರಳುವ ಪುಟ್ಟ ಮಳೆ ಲಿಲ್ಲಿಯೂ ಅಮೆರಿಕ ಖಂಡದವು. ನಮ್ಮದೇ ಎನ್ನಬಹುದಾದುದು ಅಗಲ ಎಲೆಯ, ಬಿಳಿ ಹೂವಿನ ಕ್ರೈನಮ್. ಇವೆಲ್ಲವೂ ಈರುಳ್ಳಿಯಂತೆ ಪದರಪದರವಾದ ಗೆಡ್ಡೆಯಿಂದ ಬೆಳೆಯುವ ಒಂದೇ ಕುಟುಂಬದ ಬಂಧುಗಳು.

ಇವುಗಳ ಜೊತೆಗೆ ಇನ್ನೊಂದನ್ನು ಹೇಳಬೇಕು. ಬೇಲಿಯನ್ನು ಹತ್ತಿ, ಎಲೆಯ ತುದಿಯ ಸುರುಳಿಯಿಂದ ಆಸರೆ ಹಿಡಿದು, ಮಳೆಗಾಲದ ನಡುವೆ ಹಳದಿ ಕೆಂಪು ಜ್ವಾಲೆಯಂಥ ಹೂ ಬಿಡುವ ಅಗ್ನಿಶಿಖೆ ಅಥವಾ ಗೌರಿ ಹೂ. ಇದರ ಶಾಸ್ತ್ರೀಯ ನಾಮ ಗ್ಲೋರಿಯೋಸ ಸುಪರ್ಬ. ಕುಟುಂಬ ಬೇರೆಯಾದರೂ ಲಿಲ್ಲಿಗಳ ಕೀಟದ ಕಥೆಯಲ್ಲಿ ಇದರ ಪಾತ್ರ ದೊಡ್ಡದು.

ಈ ಹೆಸರುಗಳ ಗೊಂದಲ ಕೇವಲ ಪಂಡಿತರ ಚರ್ಚೆಯಲ್ಲ. ಇಂಗ್ಲೆಂಡ್, ಅಮೆರಿಕಗಳ ತೋಟಗಾರಿಕೆಯ ಪುಸ್ತಕಗಳಲ್ಲಿ ಲಿಲ್ಲಿಯ ಶತ್ರುಗಳೆಂದು ಮೊದಲು ಹೇಳುವುದು ಲಿಲಿಯೊಸೆರಿಸ್ ಲಿಲಿ ಎಂಬ ಕೆಂಪು ಜೀರುಂಡೆಯನ್ನು ಮತ್ತು ಬೊಟ್ರಿಟಿಸ್ ಎಂಬ ಬೂದುಬಣ್ಣದ ಬೂಷ್ಟನ್ನು. ಆ ಜೀರುಂಡೆ ಬಜಪೆಯಲ್ಲಿಲ್ಲ. ಆ ಬೂಷ್ಟಿಗೆ ಬೇಕಾದ ತಂಪು ಹವೆಯೂ ಇಲ್ಲಿಲ್ಲ. ಪರದೇಶದ ಪುಸ್ತಕ ನೋಡಿ ಮದ್ದು ಮಾಡುವವನು ಇಲ್ಲದ ಕಳ್ಳನಿಗೆ ಬಲೆ ಬೀಸಿದಂತಾಗುವುದು.

ಬಜಪೆಯ ಮಳೆ, ಬಜಪೆಯ ಮಣ್ಣು

೧೯೫೧ರ ಡಿಸೆಂಬರ್ ೨೫ರಂದು ಮಂಗಳೂರಿನ ವಿಮಾನನಿಲ್ದಾಣವು ತೆರೆದುದು ಇಲ್ಲಿಯ ಎತ್ತರದ ಸಮತಟ್ಟು ನೆಲದ ಮೇಲೆ. ಈ ನೆಲ ಮುರಕಲ್ಲಿನದು. ಮೇಲ್ಮಣ್ಣು ತೆಳು, ಹುಳಿಗುಣದ್ದು. ಅದರಡಿಯ ಕಲ್ಲು ರಂಧ್ರಮಯವಾದುದರಿಂದ ಮೇಲೆ ಸುರಿದುದು ಬೇಗನೆ ಕೆಳಗಿಳಿದು ಬಾವಿಯ ದಾರಿ ಹಿಡಿಯುತ್ತದೆ. ಮಂಗಳೂರಿನ ಸುತ್ತ ವರ್ಷಕ್ಕೆ ೩,೫೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅದರಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳುಗಳಲ್ಲಿ ಸುರಿದುಬಿಡುತ್ತದೆ.

ಇದರಿಂದ ಗಿಡಕ್ಕೇನು? ಶಿಲೀಂಧ್ರದ ಬೀಜಕಣವು ಗಾಳಿಯಲ್ಲಿ ಹಾರಿಯೋ ಮಳೆಯ ಹನಿಯೊಡನೆ ಸಿಡಿದೋ ಎಲೆಯ ಮೇಲೆ ಕೂರುತ್ತದೆ. ಎಲೆ ಒಣಗಿದ್ದರೆ ಅದು ಅಲ್ಲಿಯೇ ನಿರುಪದ್ರವಿಯಾಗಿ ಬಿದ್ದಿರುವುದು. ಎಲೆಯ ಮೇಲೆ ನೀರಿನ ತೆಳುಪೊರೆ ಕೆಲವು ಗಂಟೆಗಳ ಕಾಲ ನಿಂತರೆ ಮೊಳೆತು, ಒಳಗೆ ನೂಲು ಇಳಿಬಿಡುವುದು. ಆಟಿ ತಿಂಗಳ ಬಜಪೆಯಲ್ಲಿ ಎಲೆ ಒಣಗುವ ಹೊತ್ತೇ ಅಪರೂಪ. ಆದುದರಿಂದ ಇಲ್ಲಿ ಬೂಷ್ಟಿನ ವಿರುದ್ಧದ ಮೊದಲ ಮದ್ದು ಸೀಸೆಯಲ್ಲಿಲ್ಲ. ಎಲೆಯನ್ನು ಆದಷ್ಟು ಬೇಗ ಒಣಗುವಂತೆ ಮಾಡುವುದೇ ಮೊದಲ ಮದ್ದು. ಮಲೆನಾಡಿನ ಅಡಿಕೆ ಬೆಳೆಗಾರರು ಹಿಂದಿನಿಂದಲೂ ಗೊನೆಗಳಿಗೆ ಕೊಟ್ಟೆ ಕಟ್ಟಿ ಕೊಳೆರೋಗವನ್ನು ದೂರವಿಡುತ್ತಿದ್ದುದು ಈ ತತ್ತ್ವದಿಂದಲೇ. ಬೀಜಕಣದ ಹೆಸರನ್ನು ಕೇಳುವ ಮುಂಚೆಯೇ ಅವರು ಅದಕ್ಕೆ ಬೇಕಾದ ನೀರನ್ನು ತಪ್ಪಿಸಿದ್ದರು.

ನಿದಾನದ ಕ್ರಮ

ರೋಗಿ ಗಿಡದ ಮುಂದೆ ಕುಳಿತು ನಾವು ಕೇಳಬೇಕಾದ ಪ್ರಶ್ನೆಗಳು ಮೂರು.

ಮೊದಲನೆಯದು, ಎಲೆಯಲ್ಲಿ ಭಾಗ ಕಾಣೆಯಾಗಿದೆಯೋ ಅಥವಾ ಬಣ್ಣ ಕೆಟ್ಟಿದೆಯೋ? ಅಂಚು ಕತ್ತರಿಸಿದಂತೆ ಹೋಗಿದ್ದರೆ, ತೂತುಗಳಿದ್ದರೆ, ಅದು ಬಾಯಿರುವ ಪ್ರಾಣಿಯ ಕೆಲಸ. ಎಲೆ ಪೂರ್ತಿಯಾಗಿದ್ದು ಕಲೆ ಮಾತ್ರ ಇದ್ದರೆ ಶಿಲೀಂಧ್ರವನ್ನೋ, ರಸ ಹೀರುವ ಸಣ್ಣ ಕೀಟವನ್ನೋ ಶಂಕಿಸಬೇಕು.

ಎರಡನೆಯದು, ಕುರುಹು ಏನು ಉಳಿದಿದೆ? ಎಲೆಗಳ ಸಂದಿಯಲ್ಲಿ ಕಪ್ಪು ಕಾಳಿನಂಥ ಹಿಕ್ಕೆಯಿದ್ದರೆ ಮರಿಹುಳು. ಒಣಗಿದ ಬೆಳ್ಳಿಯ ಗೆರೆಯಂಥ ಲೋಳೆಯಿದ್ದರೆ ಬಸವನಹುಳು. ಬಿಳಿ ಹತ್ತಿಯಂಥ ಪುಡಿಯೂ ಇರುವೆಗಳ ಸಾಲೂ ಇದ್ದರೆ ಹಿಟ್ಟುತಿಗಣೆ. ಕಲೆಯ ನಡುವೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳಿದ್ದರೆ ಶಿಲೀಂಧ್ರ. ಈ ಚುಕ್ಕೆಗಳನ್ನು ನೋಡಲು ಮಕ್ಕಳು ಆಡುವ ಭೂತಗನ್ನಡಿಯೇ ಸಾಕು.

ಮೂರನೆಯದು, ಕಲೆ ಬೆಳೆಯುತ್ತಿದೆಯೇ? ಕಲೆಯ ಸುತ್ತ ಶಾಯಿಯಿಂದ ಒಂದು ಗೆರೆ ಎಳೆದು ವಾರದ ತರುವಾಯ ನೋಡಬೇಕು. ಗೆರೆಯನ್ನು ದಾಟಿದ್ದರೆ ರೋಗ ಜೀವಂತವಾಗಿದೆ. ದಾಟದಿದ್ದರೆ ಅದು ಹಳೆಯ ಗಾಯ ಅಥವಾ ಬಿಸಿಲಿನ ಸುಡುಗಲೆ. ಇನ್ನೂ ಸಂದೇಹವಿದ್ದರೆ ಒಂದು ಡಬ್ಬಿಯಲ್ಲಿ ಒದ್ದೆಯಾದ ಕಾಗದವನ್ನು ಹಾಸಿ, ಕಲೆಯಿರುವ ಎಲೆಯ ತುಂಡನ್ನು ಅದರೊಳಗಿಟ್ಟು ಮುಚ್ಚಳ ಹಾಕಿ ಎರಡು ದಿನ ಬಿಡಬೇಕು. ಕಲೆಯ ಮೇಲೆ ನಸುಗೆಂಪು ಲೋಳೆಯ ಹನಿಗಳಾಗಲಿ ಬೂಷ್ಟಿನ ನವುರಾದ ಎಳೆಗಳಾಗಲಿ ಎದ್ದರೆ ಶಿಲೀಂಧ್ರವಿರುವ ಸಂಭವವೇ ಹೆಚ್ಚು. ರೋಗಶಾಸ್ತ್ರದ ಪ್ರಯೋಗಶಾಲೆಗಳಲ್ಲಿ ನಡೆಯುವ ಮೊದಲ ಪರೀಕ್ಷೆಯೂ ಹೆಚ್ಚುಕಡಮೆ ಇದೇ.

ಬಣ್ಣದ ಹುಳು

ಅಂಗಳದ ಲಿಲ್ಲಿಗೆ ಕಣ್ಣೆದುರೇ ಹಾನಿ ಮಾಡುವ ಕೀಟ ಲಿಲ್ಲಿಯ ಪತಂಗ. ಇದರ ಶಾಸ್ತ್ರೀಯ ನಾಮ ಪಾಲಿಟೆಲ ಗ್ಲೋರಿಯೋಸೆ. ಹೆಸರಿನಲ್ಲಿಯೇ ಅಗ್ನಿಶಿಖೆಯ ನೆನಪಿದೆ. ಪತಂಗದ ಕಪ್ಪು ಮುಂದಿನ ರೆಕ್ಕೆಗಳ ಮೇಲೆ ಹಳದಿ ಮತ್ತು ಕೆಂಪು ಬಣ್ಣದ ಚಿತ್ತಾರವಿರುತ್ತದೆ. ಹೆಣ್ಣು ಎಲೆಯ ಅಡಿಯಲ್ಲಿ ಮೊಟ್ಟೆಗಳನ್ನು ಗುಂಪಾಗಿ ಇಡುತ್ತದೆ. ಹೊರಬಂದ ಮರಿಗಳು ಮೊದಲು ಒಟ್ಟಾಗಿ ಕುಳಿತು ಎಲೆಯ ಹಸುರನ್ನು ಮಾತ್ರ ಕೆರೆದು ತಿನ್ನುತ್ತವೆ. ಆಗ ಎಲೆಯಲ್ಲಿ ಪಾರದರ್ಶಕವಾದ ಕಿಟಕಿಗಳು ಕಾಣುವುವು. ಹುಳು ಬೆಳೆದಂತೆ ಕಪ್ಪು ಮೈಯ ಮೇಲೆ ಬಿಳಿ, ಹಳದಿ, ಕಿತ್ತಳೆ ಚುಕ್ಕೆಗಳು ಮೂಡುತ್ತವೆ, ಹಸಿವೂ ಬೆಳೆಯುತ್ತದೆ. ಎಲೆ ಮುಗಿದರೆ ಹೂವಿನ ದಂಟು, ದಂಟು ಮುಗಿದರೆ ಗೆಡ್ಡೆಯ ಕುತ್ತಿಗೆ. ಕೊನೆಗೆ ಮಣ್ಣಿಗಿಳಿದು ಕೋಶವಾಗಿ ಮತ್ತೆ ಪತಂಗವಾಗುವುದು.

ಇಲ್ಲೊಂದು ಸ್ವಾರಸ್ಯವಿದೆ. ಅಗ್ನಿಶಿಖೆಯಲ್ಲಿ ಕಾಲ್ಚಿಸೀನ್ ಎಂಬ ಘೋರವಾದ ವಿಷವಿದೆ. ಅದರ ಗೆಡ್ಡೆಯನ್ನು ತಿಂದರೆ ಮನುಷ್ಯನ ಪ್ರಾಣಕ್ಕೇ ಅಪಾಯ. ಕ್ರೈನಮ್, ಹಿಪ್ಪಿಯಾಸ್ಟ್ರಮ್‌ಗಳಲ್ಲಿ ವಾಂತಿ ತರಿಸುವ ಲೈಕೊರಿನ್ ಇದೆ. ದನವಾಗಲಿ ಆಡಾಗಲಿ ಮುಟ್ಟದ ಈ ಗಿಡಗಳನ್ನು ಈ ಹುಳು ನಿರಾತಂಕವಾಗಿ ತಿಂದು ಜೀರ್ಣಿಸಿಕೊಳ್ಳುತ್ತದೆ. ಬೇರೆಯವರು ತಿನ್ನಲಾರದ ಊಟವೇ ಅದಕ್ಕೆ ಮೀಸಲಾದ ಊಟ. ಬೇಲಿಯ ಅಗ್ನಿಶಿಖೆಯಿಂದ ಅಂಗಳದ ಪರದೇಶಿ ಲಿಲ್ಲಿಗೆ ಅದು ದಾಟಿಬಂದುದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಬೇಲಿಯ ಅಗ್ನಿಶಿಖೆಯನ್ನು ಕಿತ್ತುಹಾಕಬೇಕೇ? ಬೇಡ. ಮದ್ದಿಗಾಗಿ ಅಗೆದು ಅಗೆದು ಅದು ಎಷ್ಟೋ ಕಡೆಗಳ ಕಾಡಿನಲ್ಲಿ ವಿರಳವಾಗಿದೆ. ಬದಲಿಗೆ ಅದನ್ನು ಕಾವಲುಗಾರನನ್ನಾಗಿ ಮಾಡಿಕೊಳ್ಳಬಹುದು. ಮಳೆಗಾಲದಲ್ಲಿ ವಾರಕ್ಕೆರಡು ಸಲ ಅದರ ಎಲೆಗಳ ಅಡಿಯನ್ನು ನೋಡುತ್ತಿದ್ದರೆ ಹುಳುವಿನ ಬರವು ಅಲ್ಲಿಯೇ ತಿಳಿಯಬಹುದು.

ಚಿಕಿತ್ಸೆ ಸರಳ. ಮೊಟ್ಟೆಗಳ ಗುಂಪಿರುವ ಎಲೆಯ ತುದಿಯನ್ನು ಚಿವುಟಿ ತೆಗೆಯುವುದು, ಹುಳುಗಳನ್ನು ಕಡ್ಡಿಯಿಂದ ಸಾಬೂನಿನ ನೀರಿಗೆ ಬೀಳಿಸುವುದು. ಹತ್ತು ಇಪ್ಪತ್ತು ಗಿಡಗಳ ತೋಟಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಗಿಡಗಳು ಹೆಚ್ಚಾಗಿದ್ದರೆ ಒಂದು ಲೀಟರ್ ನೀರಿಗೆ ೫ ಮಿಲಿಲೀಟರ್ ಬೇವಿನೆಣ್ಣೆಯನ್ನು ಸ್ವಲ್ಪ ಮೃದು ಸಾಬೂನಿನೊಡನೆ ಕಲಸಿ, ಸಂಜೆ ಎಲೆಯ ಎರಡೂ ಬದಿಗೆ ಸಿಂಪಡಿಸಬೇಕು. ಬೇವಿನ ಬೀಜದ ಸಾರವನ್ನು ಸಿಂಪಡಿಸಿದ ಬೆಳೆಯನ್ನು ಮಿಡತೆಗಳು ಮುಟ್ಟುವುದಿಲ್ಲವೆಂಬುದನ್ನು ೧೯೬೨ರಲ್ಲಿ ದಿಲ್ಲಿಯ ಕೃಷಿ ಸಂಶೋಧನಾ ಸಂಸ್ಥೆಯ ಪ್ರಧಾನ್ ಅವರು ತೋರಿಸಿಕೊಟ್ಟರು. ಅದರಲ್ಲಿರುವ ಅಜಾಡಿರಾಕ್ಟಿನ್ ಎಂಬ ವಸ್ತುವನ್ನು ೧೯೬೮ರಲ್ಲಿ ಬೇರ್ಪಡಿಸಲಾಯಿತು. ಹುಳುವಿಗೆ ಊಟ ಬೇಡವಾಗುವಂತೆಯೂ, ಪೊರೆ ಕಳಚದಂತೆಯೂ ಮಾಡುವುದು ಅದರ ಗುಣ. ಅದು ಎಳೆಯ ಹುಳುಗಳ ಮೇಲೆ ಪರಿಣಾಮಕಾರಿ. ಬೆಳೆದ ಹುಳುವಿಗೆ ಕೈಯೇ ಮದ್ದು.

ಇದೇ ಸಂಬಂಧದ ಇನ್ನೊಂದು ಪತಂಗ ಬ್ರಿಥಿಸ್ ಕ್ರೈನಿ. ಅದರ ಮರಿ ಎಲೆಯ ಎರಡು ಪದರಗಳ ನಡುವೆ ಸುರಂಗ ಕೊರೆದು ಗೆಡ್ಡೆಯತ್ತ ಇಳಿಯುತ್ತದೆ. ಹೊರಗಿನಿಂದ ಎಲೆ ನೀರುಗುಳ್ಳೆಯೆದ್ದಂತೆ ಕಾಣುವುದು. ಒಳಗಿರುವ ಹುಳುವಿಗೆ ಹೊರಗಿನ ಸಿಂಪಡಣೆ ಮುಟ್ಟದು. ಅಂಥ ಎಲೆಯನ್ನು ಬುಡದಿಂದಲೇ ಕತ್ತರಿಸಿ ಸುಡಬೇಕು.

ರಾತ್ರಿಯ ಅತಿಥಿ, ಇರುವೆಯ ಸಾಕುಪ್ರಾಣಿ

ಹಗಲು ಹುಡುಕಿದರೆ ಒಂದು ಹುಳುವೂ ಸಿಗದೆ, ಎಲೆ ಮಾತ್ರ ದಿನದಿನಕ್ಕೆ ಸವೆಯುತ್ತಿದ್ದರೆ, ರಾತ್ರಿ ದೀಪ ಹಿಡಿದು ನೋಡಬೇಕು. ಆಫ್ರಿಕದ ದೈತ್ಯ ಬಸವನಹುಳುವನ್ನು ೧೮೪೭ರಲ್ಲಿ ಬೆನ್ಸನ್ ಎಂಬವನು ಮಾರಿಷಸ್‌ನಿಂದ ತಂದು ಕಲಕತ್ತೆಯ ತೋಟವೊಂದರಲ್ಲಿ ಬಿಟ್ಟನು. ಅದರ ಸಂತತಿ ಇಂದು ಕರ್ನಾಟಕದ ಹಲವು ಕಡೆಗಳಲ್ಲಿ ಹರಡಿದೆ. ಒದ್ದೆ ಗೋಣಿಚೀಲದ ಅಡಿಯಲ್ಲಿ ಪಪ್ಪಾಯಿಯ ಎಲೆ, ದಂಟುಗಳನ್ನು ಸಂಜೆ ಇಟ್ಟರೆ ಬೆಳಗ್ಗೆ ಅವು ಅಲ್ಲಿ ಕೂಡಿರುತ್ತವೆ. ಬರಿಗೈಯಿಂದ ಮುಟ್ಟದೆ ಹೆಕ್ಕಿ ಉಪ್ಪುನೀರಿಗೆ ಹಾಕಬೇಕು. ಗಿಡದ ಬುಡಕ್ಕೆ ಉಪ್ಪು ಸುರಿಯುವ ರೂಢಿ ಮಾತ್ರ ಸಲ್ಲದು. ಅದರಿಂದ ಗೆಡ್ಡೆಗೇ ಕೇಡು.

ಹಿಟ್ಟುತಿಗಣೆ ಎಲೆಗಳ ಬುಡದಲ್ಲಿ, ಬೆಳಕು ಬೀಳದಲ್ಲಿ ಅಡಗಿ ರಸ ಹೀರುತ್ತದೆ. ಅದು ಹೊರಸೂಸುವ ಸಿಹಿದ್ರವಕ್ಕಾಗಿ ಇರುವೆಗಳು ಅದನ್ನು ದನದಂತೆ ಸಾಕಿ, ಶತ್ರುಗಳಿಂದ ಕಾಯುತ್ತವೆ. ಆ ಸಿಹಿಯ ಮೇಲೆ ಕಪ್ಪು ಮಸಿಯಂಥ ಬೂಷ್ಟು ಬೆಳೆಯುತ್ತದೆ. ಮಸಿಯನ್ನು ಕಂಡು ಬೂಷ್ಟಿನ ಮದ್ದು ಹೊಡೆಯುವುದು ಹೊಗೆಯನ್ನು ಬೀಸಿ ಬೆಂಕಿ ಆರಿಸಹೊರಟಂತೆ. ತಿಗಣೆ ಹೋದರೆ ಮಸಿ ತಾನಾಗಿ ಹೋಗುವುದು. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರಸಿ, ಮೇಲೆ ಹೇಳಿದ ಬೇವಿನೆಣ್ಣೆಯ ನೀರನ್ನು ವಾರಕ್ಕೊಮ್ಮೆ ಮೂರು ಸಲ ಸಿಂಪಡಿಸಿ, ಇರುವೆಯ ಗೂಡನ್ನು ದೂರ ಮಾಡಿದರೆ ಸಾಕು.

ಕೆಂಪು ಕಲೆಯ ರಹಸ್ಯ

ಹಿಪ್ಪಿಯಾಸ್ಟ್ರಮ್ ಬೆಳೆಸುವವರನ್ನು ಅತ್ಯಂತ ಗಾಬರಿಗೊಳಿಸುವುದು ಎಲೆ, ದಂಟು, ಗೆಡ್ಡೆಗಳ ಮೇಲೆ ಕಾಣುವ ರಕ್ತದಂಥ ಕೆಂಪು ಕಲೆ. ಇದನ್ನು ತರುವ ಶಿಲೀಂಧ್ರ ಸ್ಟಾಗನೊಸ್ಪೊರಾಪ್ಸಿಸ್ ಕರ್ಟಿಸಿ. ಆದರೆ ಆ ಕೆಂಪು ಶಿಲೀಂಧ್ರದ ಬಣ್ಣವಲ್ಲ, ಗಿಡದ್ದು. ಗಾಯವಾದೊಡನೆ ಹಿಪ್ಪಿಯಾಸ್ಟ್ರಮ್‌ನ ಜೀವಕೋಶಗಳು ಕೆಂಪಾದ ರಾಸಾಯನಿಕಗಳನ್ನು ತಯಾರಿಸಿ ಗಾಯದ ಸುತ್ತ ಸುರಿಯುತ್ತವೆ. ಅವು ಶಿಲೀಂಧ್ರದ ಬೆಳವಣಿಗೆಯನ್ನು ತಡೆಯುವಂಥವು. ಉಗುರಿನಿಂದ ಗೀರಿದರೂ, ನುಸಿ ಹೀರಿದರೂ, ಬೂಷ್ಟು ತಗಲಿದರೂ ಗಿಡ ಒಂದೇ ರೀತಿ ಕೆಂಪಾಗುವುದು. ಆದುದರಿಂದ ಕೆಂಪನ್ನು ಕಂಡ ಮಾತ್ರಕ್ಕೆ ರೋಗವೆಂದು ಹೇಳಲಾಗದು. ಶಾಯಿಯ ಗೆರೆಯ ಪರೀಕ್ಷೆ ಹೆಚ್ಚು ಬೆಲೆಯುಳ್ಳದಾಗುವುದು ಇಲ್ಲಿಯೇ. ಕಲೆ ಉದ್ದಕ್ಕೆ ಹರಡಿ, ನಡುಭಾಗ ಕಂದಾಗಿ ಒಣಗಿ, ಅದರಲ್ಲಿ ಕಪ್ಪು ಚುಕ್ಕೆಗಳು ಮೂಡಿ, ಎಲೆ ಅಲ್ಲಿಯೇ ಬಾಗಿದರೆ ಶಿಲೀಂಧ್ರವೆಂದು ನಂಬಬಹುದು.

ಜೇಡ ಲಿಲ್ಲಿ, ಕ್ರೈನಮ್‌ಗಳ ಎಲೆಯಲ್ಲಿ ಉಂಗುರದೊಳಗೆ ಉಂಗುರವಿರುವ ಕಂದು ಕಲೆಗಳು ಬರುವುದುಂಟು. ಅದು ಕೊಲೆಟೊಟ್ರೈಕಮ್ ಎಂಬ ಬೇರೊಂದು ಶಿಲೀಂಧ್ರದ ಗುರುತಾಗಿರಬಹುದು. ಮಾವಿನ ಹೂವನ್ನು ಕರಿಯಾಗಿಸುವುದೂ ಈ ಕುಲದ್ದೇ.

ಇವು ಎಲೆಯನ್ನು ಹೇಗೆ ಕೊಲ್ಲುತ್ತವೆ? ಈ ಪ್ರಶ್ನೆಗೆ ಉತ್ತರ ದೊರೆಯಲು ಸಹಾಯ ಮಾಡಿದುದು ಒಂದು ಲಿಲ್ಲಿಯೇ. ಸಿಂಹಳದಲ್ಲಿ ಕಾಫಿಯ ತುಕ್ಕುರೋಗವನ್ನು ಅಭ್ಯಸಿಸಿ ಬಂದಿದ್ದ ಹ್ಯಾರಿ ಮಾರ್ಷಲ್ ವಾರ್ಡ್ ಎಂಬ ಆಂಗ್ಲ ವಿಜ್ಞಾನಿ ೧೮೮೮ರಲ್ಲಿ ಬಿಳಿ ಲಿಲ್ಲಿಯ ಬೊಟ್ರಿಟಿಸ್ ರೋಗವನ್ನು ಸೂಕ್ಷ್ಮದರ್ಶಕದಡಿ ನೋಡಿ, ಶಿಲೀಂಧ್ರದ ನೂಲಿನ ತುದಿಯಿಂದ ಒಂದು ಕಿಣ್ವ ಒಸರಿ ಜೀವಕೋಶದ ಗೋಡೆಯನ್ನು ಕರಗಿಸುವುದೆಂದು ತಿಳಿಸಿದನು. ಹೀಗೆ ಗೋಡೆ ಕರಗಿ ಸತ್ತ ಭಾಗ ಮತ್ತೆ ಜೀವ ತಳೆಯದು. ರೋಗದ ಕಲೆಯನ್ನು ಮಾಯಿಸುವ ಮದ್ದಿಲ್ಲ. ಇರುವ ಮದ್ದು ಹೊಸ ಕಲೆಯನ್ನು ತಡೆಯುವುದು ಮಾತ್ರ. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಅರ್ಧ ಖರ್ಚು ಉಳಿಯುವುದು.

ಕಲೆ ಬಿದ್ದ ಎಲೆಗಳನ್ನು ಒಣಹವೆಯ ದಿನ ಕತ್ತರಿಸಿ ಸುಡಬೇಕು. ಗೊಬ್ಬರದ ಗುಂಡಿಗೆ ಹಾಕಬಾರದು. ಚೂರಿಯನ್ನು ಒಂದೊಂದು ಗಿಡಕ್ಕೂ ಸಾಬೂನಿನಿಂದ ತೊಳೆಯಬೇಕು. ಕುಂಡಗಳನ್ನು ಮಾಡಿನ ನೀರು ಬೀಳದ ಕಡೆಗೆ ಸರಿಸಿ, ನಡುವೆ ಗಾಳಿಯಾಡಲು ಎಡೆ ಬಿಡಬೇಕು. ನೀರನ್ನು ಎಲೆಗೆ ಹೊಯ್ಯದೆ ಬುಡಕ್ಕೆ, ಅದೂ ಬೆಳಗ್ಗೆ ಹೊಯ್ಯಬೇಕು.

ಸಾಸಿವೆ ಕಾಳಿನ ಎಚ್ಚರಿಕೆ

ಎಲೆ ಹಳದಿಯಾಗಿ, ಮುಟ್ಟಿದರೆ ಗಿಡ ಅಲುಗಾಡಿ ಕೈಗೆ ಬಂದರೆ ರೋಗ ಬುಡದಲ್ಲಿದೆ. ಮಣ್ಣು ಸರಿಸಿ ನೋಡಬೇಕು. ಬುಡದ ಸುತ್ತ ಬಿಳಿಯ ಬೀಸಣಿಗೆಯಂತೆ ಹರಡಿದ ನೂಲೂ, ಅದರ ಮೇಲೆ ಸಾಸಿವೆ ಕಾಳಿನಂಥ ಕಂದು ಉಂಡೆಗಳೂ ಇದ್ದರೆ ಅದು ಸ್ಕ್ಲೆರೋಶಿಯಮ್ ರಾಲ್ಫ್‌ಸಿ. ಅಮೆರಿಕದ ಫ್ಲಾರಿಡದಲ್ಲಿ ೧೮೯೨ರಲ್ಲಿ ಟೊಮೆಟೊ ಗಿಡಗಳಲ್ಲಿ ಇದನ್ನು ಗುರುತಿಸಿದ ರಾಲ್ಫ್ಸ್ ಎಂಬವರ ಹೆಸರು ಇದಕ್ಕಿದೆ. ಸೆಕೆ, ತೇವ, ಹುಳಿಮಣ್ಣು, ಕೊಳೆಯದ ಸೊಪ್ಪು ಇವು ನಾಲ್ಕೂ ಇದಕ್ಕೆ ಪ್ರಿಯ. ಬಜಪೆಯ ಅಂಗಳದಲ್ಲಿ ನಾಲ್ಕೂ ಧಾರಾಳವಾಗಿವೆ. ಆ ಉಂಡೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿರಬಲ್ಲವು.

ಗೆಡ್ಡೆಯ ತಳ ಕಂದಾಗಿ ಒಣಕೊಳೆತವಾಗಿದ್ದು ಬೇರುಗಳು ಉದುರಿದ್ದರೆ ಫ್ಯುಸೇರಿಯಮ್ ಎಂಬ ಬೂಷ್ಟನ್ನು ಶಂಕಿಸಬೇಕು. ಗೆಡ್ಡೆ ಮೆತ್ತಗಾಗಿ ದುರ್ವಾಸನೆ ಹೊಡೆದರೆ ಅದು ಬಹುಮಟ್ಟಿಗೆ ಬ್ಯಾಕ್ಟೀರಿಯದ ಕೆಲಸ. ಅದಕ್ಕೆ ಬೂಷ್ಟಿನ ಮದ್ದು ನಾಟದು. ಆ ಗೆಡ್ಡೆಯನ್ನು ಉಳಿಸುವ ಆಸೆ ಬಿಡುವುದೇ ಲೇಸು.

ಮೊದಲೆರಡಕ್ಕೆ ಉಪಾಯವುಂಟು. ಗೆಡ್ಡೆಯನ್ನು ಅಗೆದು, ಕೊಳೆತ ಪದರಗಳನ್ನು ಬಿಳಿ ತಿರುಳು ಕಾಣುವವರೆಗೆ ಕತ್ತರಿಸಿ, ನೆರಳಲ್ಲಿ ಎರಡು ಮೂರು ದಿನ ಒಣಗಿಸಿ ಬೇರೆ ಮಣ್ಣಿನಲ್ಲಿ ನೆಡಬೇಕು. ಗೆಡ್ಡೆಯ ಕುತ್ತಿಗೆ ಮಣ್ಣಿನ ಮೇಲಿರಬೇಕು. ಮಡಿಯನ್ನು ಒಂದು ಗೇಣು ಎತ್ತರಿಸಿ ನೀರು ನಿಲ್ಲದಂತೆ ಮಾಡಬೇಕು. ಚೆನ್ನಾಗಿ ಕಳಿತ ಹಟ್ಟಿಗೊಬ್ಬರದಲ್ಲಿ ಟ್ರೈಕೊಡರ್ಮ ಎಂಬ ಉಪಕಾರಿ ಶಿಲೀಂಧ್ರವನ್ನು ಬೆರೆಸಿ ಕೊಟ್ಟರೆ, ಅದು ರೋಗದ ಶಿಲೀಂಧ್ರವನ್ನು ಸುತ್ತಿ ಹಿಡಿದು ತಿನ್ನುವುದು. ಅಡಿಕೆ, ಕರಿಮೆಣಸುಗಳಿಗೂ ಇದನ್ನು ಬಳಸುವುದರಿಂದ ನಮ್ಮ ಜಿಲ್ಲೆಯಲ್ಲಿ ಇದು ಸುಲಭವಾಗಿ ದೊರೆಯುವುದು.

ರೋಗ ಬಂದ ಮಡಿಯನ್ನು ಬಿಸಿಲಿನಿಂದಲೇ ಶುದ್ಧಿಮಾಡುವ ವಿಧಾನವನ್ನು ೧೯೭೬ರಲ್ಲಿ ಇಸ್ರೇಲಿನ ಕಟಾನ್ ಮತ್ತವರ ಸಂಗಡಿಗರು ಪ್ರಕಟಿಸಿದರು. ಏಪ್ರಿಲ್ ತಿಂಗಳಲ್ಲಿ ಮಡಿಗೆ ನೀರು ಹೊಯ್ದು, ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಮುಚ್ಚಿ, ಅಂಚಿಗೆ ಮಣ್ಣೆಳೆದು ನಾಲ್ಕರಿಂದ ಆರು ವಾರ ಬಿಡಬೇಕು. ನಮ್ಮ ಬೇಸಗೆ ಮನುಷ್ಯನಿಗೆ ಕಷ್ಟವಾದರೂ ಈ ಕೆಲಸಕ್ಕೆ ಬಹಳ ಅನುಕೂಲ.

ತುತ್ತು ಮತ್ತು ಸುಣ್ಣ

ಅಡಿಕೆಯ ನಾಡಿನಲ್ಲಿ ಬೋರ್ಡೋ ದ್ರಾವಣದ ಪರಿಚಯ ಮಾಡಿಕೊಡಬೇಕಾದುದಿಲ್ಲ. ಫ್ರಾನ್ಸಿನ ಬೋರ್ಡೋದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಂತೆ ರಸ್ತೆಯಂಚಿನ ಬಳ್ಳಿಗಳಿಗೆ ತುತ್ತು, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ಬಾರದುದನ್ನು ೧೮೮೨ರಲ್ಲಿ ಗಮನಿಸಿದ ಪ್ರಾಧ್ಯಾಪಕ ಮಿಲಾರ್ಡೆ, ೧೮೮೫ರಲ್ಲಿ ಅದರ ಪಾಕವನ್ನು ಪ್ರಕಟಿಸಿದನು. ಮೈಸೂರು ಸಂಸ್ಥಾನದಲ್ಲಿ ಅಡಿಕೆಯ ಕೊಳೆರೋಗದ ಮೇಲೆ ೧೯೧೦ರಲ್ಲಿ ವರದಿ ಬರೆದ ಕೋಲ್ಮನ್ ಅವರ ಕಾಲದಿಂದ ಅದು ನಮ್ಮ ತೋಟಗಳದೂ ಆಯಿತು.

ಹೂದೋಟಕ್ಕೆ ಹತ್ತು ಲೀಟರ್ ಸಾಕು. ೧೦೦ ಗ್ರಾಮ್ ಮೈಲುತುತ್ತನ್ನು ೫ ಲೀಟರ್ ನೀರಿನಲ್ಲಿಯೂ, ೧೦೦ ಗ್ರಾಮ್ ಒಳ್ಳೆಯ ಸುಣ್ಣವನ್ನು ಇನ್ನೊಂದು ೫ ಲೀಟರಿನಲ್ಲಿಯೂ ಬೇರೆಬೇರೆಯಾಗಿ ಕರಗಿಸಿ ಸೋಸಬೇಕು. ಪಾತ್ರೆ ಪ್ಲಾಸ್ಟಿಕ್ಕಿನದೋ ಮಣ್ಣಿನದೋ ಆಗಿರಬೇಕು, ಕಬ್ಬಿಣದ್ದು ಕೂಡದು. ತುತ್ತಿನ ನೀರನ್ನು ಸುಣ್ಣದ ನೀರಿಗೆ ಕದಡುತ್ತ ಹೊಯ್ಯಬೇಕು. ಹೊಳೆಯುವ ಕಬ್ಬಿಣದ ಚೂರಿಯನ್ನು ಅದರಲ್ಲಿ ಅದ್ದಿ ತೆಗೆದಾಗ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಮಾಡಿದ ದಿನವೇ ಮುಗಿಸಬೇಕು. ಲಿಲ್ಲಿಯ ಎಲೆ ನುಣುಪಾದುದರಿಂದ ಅಡಿಕೆಗೆ ಬಳಸುವ ಅಂಟನ್ನು ಸ್ವಲ್ಪ ಸೇರಿಸುವುದೊಳ್ಳೆಯದು. ಇಷ್ಟೆಲ್ಲ ತೊಂದರೆ ಬೇಡವೆನ್ನುವವರು ಲೀಟರಿಗೆ ೩ ಗ್ರಾಮಿನಂತೆ ಕಾಪರ್ ಆಕ್ಸಿಕ್ಲೋರೈಡ್ ಬಳಸಬಹುದು.

ತಾಮ್ರವು ಎಲೆಯೊಳಗೆ ಇಳಿಯುವುದಿಲ್ಲ, ಮೇಲೆ ಕವಚದಂತೆ ಕೂರುತ್ತದೆ. ಕವಚವನ್ನು ಯುದ್ಧಕ್ಕೆ ಮೊದಲು ತೊಡಬೇಕೇ ಹೊರತು ಗಾಯವಾದ ಮೇಲಲ್ಲ. ಪತ್ತನಾಜೆ ಕಳೆದು ಮಳೆ ಹಿಡಿಯುವುದರೊಳಗೆ ಒಂದು ಸಲ, ಅಡಿಕೆಗೆ ಬಿಡುವಂತೆಯೇ ಸುಮಾರು ನಲವತ್ತು ದಿನಗಳ ತರುವಾಯ ಮಳೆ ಹೊಳವಾದಾಗ ಇನ್ನೊಂದು ಸಲ ಸಿಂಪಡಿಸಿದರೆ ಸಾಕು. ಹುಳುವಿಗೆ ಇದರಿಂದ ಏನೂ ಆಗದು.

ಬಾವಿಯನ್ನು ಮರೆಯಬಾರದು

ಹೂವಿನ ಗಿಡಕ್ಕೆ ಎಷ್ಟು ವಿಷ ಸಲ್ಲುವುದು ಎಂಬ ಪ್ರಶ್ನೆಯನ್ನು ನಮ್ಮ ಕಡೆಯವರು ಹಗುರವಾಗಿ ಕಾಣಲಾಗದು. ಕಾಸರಗೋಡಿನ ಎಣ್ಮಕಜೆ ಮೊದಲಾದ ಊರುಗಳಲ್ಲಿಯೂ, ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿಯೂ ಗೇರುತೋಟಗಳ ಕೀಟಕ್ಕೆಂದು ಸುಮಾರು ೨೦೦೦ದವರೆಗೂ ಎರಡು ದಶಕಗಳ ಕಾಲ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಏನು ಮಾಡಿತೆಂಬುದಕ್ಕೆ ಅಲ್ಲಿಯ ಮನೆಗಳೇ ಸಾಕ್ಷಿ. ಸುಪ್ರೀಮ್ ಕೋರ್ಟು ೨೦೧೧ರಲ್ಲಿ ಅದನ್ನು ದೇಶಾದ್ಯಂತ ತಡೆಯಿತು. ಅದು ದೊಡ್ಡ ತೋಟದ ಕಥೆ, ನಮ್ಮದು ಹತ್ತು ಕುಂಡಗಳ ಅಂಗಳ ಎನ್ನಬಹುದು. ಆದರೆ ಮುರಕಲ್ಲಿನ ನೆಲದಲ್ಲಿ ಕುಂಡದ ಬುಡಕ್ಕೂ ಬಾವಿಯ ಕಟ್ಟೆಗೂ ಇರುವ ದೂರ ಕೆಲವೇ ಮಾರು. ಕೈಯಿಂದ ಹೆಕ್ಕಬಹುದಾದ ಹುಳುವಿಗಾಗಿ ಕುಡಿಯುವ ನೀರನ್ನು ಪಣಕ್ಕೊಡ್ಡುವುದು ಜಾಣತನವಲ್ಲ. ತಾಮ್ರವೂ ನಿರುಪದ್ರವಿಯಲ್ಲ. ಮಣ್ಣಿನಲ್ಲಿ ಸೇರಿ ಉಳಿಯುವುದು, ಎರೆಹುಳುವಿಗೆ ಕೇಡು, ನೀರಿಗೆ ಹೋದರೆ ಮೀನಿಗೆ ಮಾರಕ. ಉಳಿದ ದ್ರಾವಣವನ್ನು ತೋಡಿಗಾಗಲಿ ಕೆರೆಗಾಗಲಿ ಚೆಲ್ಲಬಾರದು. ಲಿಲ್ಲಿಯ ಗೆಡ್ಡೆಯನ್ನು ಕತ್ತರಿಸಿದ ಬಳಿಕ ಕೈಯನ್ನೂ ಚೂರಿಯನ್ನೂ ತೊಳೆಯಬೇಕು. ಈರುಳ್ಳಿಯೆಂದು ಮಕ್ಕಳು ಎತ್ತಿಕೊಳ್ಳುವಲ್ಲಿ ಅದನ್ನು ಇಡಬಾರದು.

ವರ್ಷದ ಪಂಚಾಂಗ

ಇಷ್ಟನ್ನೂ ಕಾಲಕ್ರಮದಲ್ಲಿ ಹೇಳಿದರೆ ಹೀಗಾಗುವುದು. ಏಪ್ರಿಲ್‌ನಲ್ಲಿ ರೋಗ ಕಂಡ ಮಡಿಗೆ ಬಿಸಿಲಿನ ಶುದ್ಧಿ. ಮೇ ತಿಂಗಳಲ್ಲಿ ಹೂ ಮುಗಿದ ಮೇಲೆ ಗೆಡ್ಡೆಗಳ ಪರೀಕ್ಷೆ, ಮಡಿ ಎತ್ತರಿಸುವುದು, ತಾಮ್ರದ ಮೊದಲ ಸಿಂಪಡಣೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆರಡು ಸಲ ಎಲೆಯ ಅಡಿಯನ್ನು ನೋಡುವುದು, ಹುಳು ಹೆಕ್ಕುವುದು, ಕಲೆಯೆಲೆ ತೆಗೆಯುವುದು. ಅಕ್ಟೋಬರ್‌ನಲ್ಲಿ ಕೊಳೆತ ಸೊಪ್ಪನ್ನೆಲ್ಲ ಗುಡಿಸಿ, ಮಣ್ಣನ್ನು ಸಡಿಲಿಸಿ ಒಳಗಿರುವ ಕೋಶಗಳನ್ನು ಬಿಸಿಲಿಗೂ ಕೋಳಿಗೂ ಒಪ್ಪಿಸುವುದು. ಹೊಸ ಗೆಡ್ಡೆ ಎಲ್ಲಿಂದ ಬಂದರೂ ಒಂದೂವರೆ ತಿಂಗಳು ಬೇರೆಯಾಗಿಟ್ಟು ನೋಡಿದ ಬಳಿಕವೇ ಉಳಿದವುಗಳ ಜೊತೆ ಸೇರಿಸುವುದು. ಎಲೆಯಲ್ಲಿ ತಿಳಿಹಸುರು, ಕಡುಹಸುರಿನ ಪಟ್ಟೆಗಳು ಕಂಡು ಗಿಡ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದ್ದರೆ ಅದು ವೈರಸ್ ರೋಗವಾಗಿರಬಹುದು. ಅದಕ್ಕೆ ಮದ್ದಿಲ್ಲ. ಗಿಡವನ್ನು ಸುಡುವುದೇ ಉಳಿದವುಗಳಿಗೆ ಕ್ಷೇಮ.

ಸ್ವಂತ ನಿದಾನದಲ್ಲಿ ನಂಬಿಕೆ ಸಾಲದಿದ್ದರೆ ಮಂಗಳೂರಿನ ಕಂಕನಾಡಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ರೋಗದ ಎಲೆಯನ್ನು ಒಯ್ದು ತೋರಿಸಬಹುದು. ಒಯ್ಯುವಾಗ ಪೂರ್ತಿ ಸತ್ತ ಎಲೆಯನ್ನಲ್ಲ, ಅರ್ಧ ಹಸುರು ಅರ್ಧ ಕಲೆ ಇರುವ ಎಲೆಯನ್ನು ಒಣ ಕಾಗದದಲ್ಲಿ ಸುತ್ತಿ ಒಯ್ಯಬೇಕು. ರೋಗದ ಜೀವಂತ ಸಾಕ್ಷ್ಯ ದೊರೆಯುವುದು ಹಸುರೂ ಕಲೆಯೂ ಕೂಡುವ ಆ ಅಂಚಿನಲ್ಲಿಯೇ.